ಯಾರ ತಲೆ ಮೇಲೆ ಯಾರು? ಮರದ ಮನೆ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿ ಮನೆಗೋಡೆ ಅಂದ್ರೆ ಇಟ್ಟಿಗೆ ಗೋಡೆ ಅಲ್ಲ, ಮರದ ಪಟ್ಟಿ ಸಾಲಾಗಿ ನಿಲ್ಸಿ ಹೊರಗಡೆ ಹಲಗೆ ಒಳಗಡೆ ಜಿಪ್ಸಮ್ ಶೀಟ್ ಹೊಡೀತಾರೆ ಅಂತ ಎರಡು ತಿಂಗಳ ಹಿಂದೆ ಇಲ್ಲಿ ಮಾತಿಗೆ ಮಾತು ಬಂದು ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳು, ಮೇಲ್‌ಗಳು. ನಾನು ಹದಿನಾಲ್ಕು ವರ್ಷ ನಾರ್ತ್ ಕ್ಯಾರೊಲಿನಾದಲ್ಲಿ ಇಂಥ ಮನೆಗಳ ಸೈಟಲ್ಲೇ ಬಿಸಿಲು ಕಾಯ್ದವನು, ಆದ್ದರಿಂದ ಈ ಸಲ ಅಂಕಣ ಪೂರ್ತಿ ಇದಕ್ಕೇ. ಲೋನು, ವಾಸ್ತು ಕೇಳಿದವರು ಮುಂದಿನ ತಿಂಗಳವರೆಗೆ ತಡ್ಕೊಳ್ಳಿ.

ಪ್ರಶ್ನೆ: ಮಗನ ಮನೆಗೆ ಅಂತ ನ್ಯೂಜೆರ್ಸಿಗೆ ಬಂದಿದೀನಿ. ಏಳು ಲಕ್ಷ ಡಾಲರ್ ಕೊಟ್ಟು ತಗೊಂಡಿದಾನೆ, ಗೋಡೆ ತಟ್ಟಿದ್ರೆ ಡಬ್ ಡಬ್ ಅನ್ನತ್ತೆ, ಮೊಮ್ಮಗ ಮೇಲೆ ಓಡಾಡಿದ್ರೆ ಕೆಳಗೆ ಗುಡುಗು ಬಂದಂಗೆ ಕೇಳತ್ತೆ. ನಮ್ಮ ಮೈಸೂರಿನ ಮನೇಲಿ ಮೊಳೆ ಹೊಡೆಯೋಕೇ ಸುತ್ತಿಗೆ ಸಾಕಾಗಲ್ಲ. ಇದು ಬೀಳಲ್ವಾ? ಗೆದ್ದಲು ಹಿಡಿಯಲ್ವಾ? ಮಗನ್ನ ಕೇಳಿದ್ರೆ ನಗ್ತಾನೆ.
— ಒಬ್ಬ ಅಜ್ಜಿ, ಸದ್ಯ ಎಡಿಸನ್

ಉತ್ತರ: ಅಮ್ಮಾ, ಬೀಳಲ್ಲ. ಮಗ ನಕ್ಕಿದ್ದು ತಪ್ಪು, ನೀವು ಕೇಳಿದ್ದು ಸರಿಯಾದ ಪ್ರಶ್ನೆನೇ.

ನೀವು ತಟ್ಟಿದ್ದು ಗೋಡೆಯ ಚರ್ಮ ಮಾತ್ರ, ಅರ್ಧ ಇಂಚಿನ ಜಿಪ್ಸಮ್ ಶೀಟು. ಅದರ ಹಿಂದೆ ಹದಿನಾರು ಇಂಚಿಗೊಂದರಂತೆ ನಿಂತಿರೋ ಮರದ ಪಟ್ಟಿಗಳಿವೆ, ಅವಕ್ಕೆ ಸ್ಟಡ್ ಅಂತಾರೆ. ಎರಡು ಸ್ಟಡ್ ಮಧ್ಯದ ಖಾಲಿ ಜಾಗದಲ್ಲಿ ತಟ್ಟಿದ್ರೆ ಡಬ್ ಅನ್ನತ್ತೆ, ಹಂಗೇ ತಟ್ತಾ ಪಕ್ಕಕ್ಕೆ ಹೋಗಿ, ಒಂದು ಕಡೆ ಸದ್ದು ಗಟ್ಟಿಯಾಗತ್ತೆ, ಅದೇ ಸ್ಟಡ್ಡು. ನಿಮ್ಮ ಕಾಲದ ಹಂಚಿನ ಮನೆ ನೆನಪಿದ್ರೆ ಇದು ಅರ್ಥವಾಗೋದು ಕಷ್ಟವೇ ಅಲ್ಲ. ಮುಚ್ಚಿಗೆ ಕೆಳಗೆ ಸಾಲಾಗಿ ಜಂತೆ ಇರ್ತಿತ್ತಲ್ಲ, ಅದನ್ನ ಇಲ್ಲಿ ಜಾಯ್ಸ್ಟ್ ಅಂತಾರೆ. ಜಂತೆ ಹೊರೋ ದಪ್ಪ ತೊಲೆ ಇಲ್ಲಿ ಬೀಮು. ಹಂಚಿನ ಕೆಳಗೆ ಇಳಿಜಾರಾಗಿ ಬರೋ ಪಕಾಸು ಇಲ್ಲಿ ರಾಫ್ಟರ್. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ನಾಲ್ಕು ದಪ್ಪ ಕಂಬ ಮಾಡೋ ಕೆಲಸವನ್ನ ಇಲ್ಲಿ ನೂರಾರು ಸಣ್ಣ ಪಟ್ಟಿಗಳು ಹಂಚ್ಕೊಂಡು ಮಾಡ್ತವೆ. ಆಮೇಲೆ ಹೊರಗಡೆ ನಾಲ್ಕಡಿ ಎಂಟಡಿ ಅಳತೆಯ ಹಲಗೆ ಹೊಡೀತಾರಲ್ಲ, ಅದಿಲ್ಲದಿದ್ರೆ ಗೋಡೆ ಒಳಗಿನ ಡಬ್ಬಿ ತೆಗೆದ ಖಾಲಿ ಬೆಂಕಿಪೊಟ್ಟಣದ ಥರ ಓರೆಯಾಗಿ ಮಡಚ್ಕೊಂಡುಬಿಡತ್ತೆ. ಗಾಳಿಗೆ, ಭೂಕಂಪಕ್ಕೆ ಎದೆ ಕೊಡೋದು ಆ ಹಲಗೆ ಮತ್ತೆ ಅದರ ಮೊಳೆ. ಮನೆ ಹಗುರ ಇರೋದ್ರಿಂದ ಭೂಕಂಪದಲ್ಲಿ ಅದಕ್ಕೆ ಬೀಳೋ ಹೊಡೆತವೂ ಕಮ್ಮಿ.

ಬೆಂಕಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. 1830ರ ದಶಕದಲ್ಲಿ ಶಿಕಾಗೋ ಕಡೆ ಶುರುವಾದ ಹಳೇ ಪದ್ಧತೀಲಿ, ಬಲೂನ್ ಫ್ರೇಮಿಂಗ್ ಅಂತಾರೆ, ಸ್ಟಡ್ಡು ತಳದಿಂದ ಮಾಡಿನವರೆಗೆ ಎರಡು ಮಹಡಿಗೂ ಒಂದೇ ಉದ್ದಕ್ಕೆ ಹೋಗ್ತಿತ್ತು, ಕೆಳಗೆ ಬೆಂಕಿ ಬಿದ್ರೆ ಗೋಡೆಯೊಳಗಿನ ಸಂದು ಹೊಗೆಗೂಡಿನ ಥರ ಅದನ್ನ ಮೇಲಕ್ಕೆ ಎಳ್ಕೊಳ್ತಿತ್ತು. ಈಗ ಒಂದೊಂದು ಮಹಡಿಯನ್ನೂ ಬೇರೆ ಬೇರೆ ಪೆಟ್ಟಿಗೆ ಥರ ಕಟ್ಟಿ ಒಂದರ ಮೇಲೊಂದು ಕೂರಿಸ್ತಾರೆ, ಪ್ಲಾಟ್‌ಫಾರ್ಮ್ ಫ್ರೇಮಿಂಗ್ ಅಂತ. ಪ್ರತಿ ಮಹಡೀಲೂ ಅಡ್ಡ ಪಟ್ಟಿ ಬಂದು ಆ ದಾರಿ ಮುಚ್ಚತ್ತೆ. ಗೆದ್ದಲಿಗೆ, ಕಾಂಕ್ರೀಟ್ ಮುಟ್ಟೋ ಮೊದಲನೇ ಪಟ್ಟಿಯನ್ನ ಔಷಧಿ ಕುಡಿಸಿದ ಮರದಲ್ಲೇ ಹಾಕ್ತಾರೆ. ಮಣ್ಣು ಗೋಡೆಯ ಮರಕ್ಕೆ ತಾಗದಂತೆ ನೋಡ್ಕೊಳ್ಳಿ ಅಂತ ಮಗನಿಗೆ ಹೇಳಿ, ಗಿಡಕ್ಕೆ ಅಂತ ಗೋಡೆಗೆ ಒತ್ತಿ ಮಣ್ಣು ಏರಿಸೋದು ನಮ್ಮವರ ಅಭ್ಯಾಸ. ಮೊಮ್ಮಗನ ಗುಡುಗಿಗೆ ದಪ್ಪ ಕಾರ್ಪೆಟ್ ಬಿಟ್ರೆ ನನ್ನ ಹತ್ರ ಔಷಧಿ ಇಲ್ಲ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಸಿವಿಲ್, ಊರು ಅರಸೀಕೆರೆ. ಬೆಂಗಳೂರಲ್ಲಿ ಒಂದು ಆಫೀಸಲ್ಲಿ ಅಮೆರಿಕದ ಮನೆಗಳ ಫ್ರೇಮಿಂಗ್ ಡ್ರಾಯಿಂಗ್ ಮಾಡೋ ಕೆಲಸ, ಎಂಟು ತಿಂಗಳಾಯ್ತು. ಇದುವರೆಗೂ ಒಂದು ಮರದ ಮನೆಯನ್ನ ಕಣ್ಣಲ್ಲಿ ನೋಡಿಲ್ಲ! ಚೆಕ್ಕರ್ ಕೆಂಪು ಮಾರ್ಕ್ ಮಾಡಿ ವಾಪಸ್ ಕಳಿಸ್ತಾರೆ, ಯಾಕೆ ಅಂತ ಹೇಳಲ್ಲ. ಸೆಕೆಂಡ್ ಫ್ಲೋರ್ ಫ್ರೇಮಿಂಗ್ ಪ್ಲಾನ್ ಅಂತ ಇರತ್ತೆ, ಅದರಲ್ಲಿ ಗೋಡೆ ಮಾತ್ರ ಫಸ್ಟ್ ಫ್ಲೋರಿಂದು ಇರತ್ತೆ. ತಲೆ ಕೆಟ್ಟು ಹೋಗಿದೆ. ಡ್ರಾಯಿಂಗ್ ಓದೋದು ಎಲ್ಲಿಂದ ಶುರು ಮಾಡ್ಲಿ?
— ಡ್ರಾಫ್ಟಿಂಗ್ ಹುಡುಗಿ, ಬೆಂಗಳೂರು

ಉತ್ತರ: ನೋಡಮ್ಮ, ಎಂಟು ತಿಂಗಳಿಗೇ ಈ ಗೋಡೆ ವಿಷಯ ನಿನ್ನ ಕಣ್ಣಿಗೆ ಬಿದ್ದಿದೆ ಅಂದ್ರೆ ನೀನು ಗೆರೆ ಎಳೆಯೋದಷ್ಟೇ ಅಲ್ಲ, ನೋಡ್ತಾನೂ ಇದೀಯ. ನನಗೆ ಆ ಗೊಂದಲ ಬಗೆಹರಿಯೋಕೆ ವರ್ಷ ಬೇಕಾಯ್ತು.

ಮೊದಲು ಅದನ್ನೇ ಬಿಡಿಸೋಣ. ಅಮೆರಿಕದಲ್ಲಿ ನೆಲಮಹಡಿಗೇ ಫಸ್ಟ್ ಫ್ಲೋರ್ ಅನ್ನೋದು, ನಮ್ಮ ಫಸ್ಟ್ ಫ್ಲೋರ್ ಅವರ ಸೆಕೆಂಡ್. ಅದು ಒಂದನೇ ಗುಂಡಿ. ಎರಡನೇದು, ಫ್ರೇಮಿಂಗ್ ಪ್ಲಾನ್ ಅಂದ್ರೆ ಆ ಮಹಡಿಯಲ್ಲಿ ನಿಂತು ಸುತ್ತ ನೋಡಿದ ಚಿತ್ರ ಅಲ್ಲ, ಆ ಮಹಡಿಯ ನೆಲವನ್ನ ಹೊತ್ತಿರೋರ ಚಿತ್ರ. ಸೆಕೆಂಡ್ ಫ್ಲೋರ್ ಫ್ರೇಮಿಂಗ್ ಪ್ಲಾನಲ್ಲಿ ಇರೋದು ಸೆಕೆಂಡ್ ಫ್ಲೋರಿನ ಜಾಯ್ಸ್ಟ್‌ಗಳು, ಅವು ಕೂತಿರೋದು ಫಸ್ಟ್ ಫ್ಲೋರಿನ ಗೋಡೆ ಮೇಲೆ ತಾನೇ, ಅದಕ್ಕೇ ಕೆಳಗಿನ ಗೋಡೆ ತೋರಿಸ್ತಾರೆ. ರೂಫ್ ಫ್ರೇಮಿಂಗ್ ಪ್ಲಾನಲ್ಲೂ ಅಷ್ಟೆ, ಮೇಲೆ ಮಾಡು, ಕೆಳಗೆ ಅದನ್ನ ಹೊರೋ ಗೋಡೆ. ಮದುವೆಮನೆ ಚಪ್ಪರದ ಮೇಲೆ ಹತ್ತಿ ಕೆಳಗೆ ನೋಡಿದ್ರೆ ಮೊದಲು ಅಡ್ಡಗಳು, ಅವುಗಳ ಸಂದಲ್ಲಿ ಕಂಬಗಳ ತಲೆ ಕಾಣತ್ತಲ್ಲ, ಹಂಗೆ.

ಇದೊಂದು ಕೂತ್ಕೊಂಡ್ರೆ ಓದೋದು ಎಲ್ಲಿಂದ ಅನ್ನೋದಕ್ಕೂ ಉತ್ತರ ಸಿಗತ್ತೆ. ಕಟ್ಟೋರು ಕೆಳಗಿಂದ ಮೇಲೆ ಕಟ್ತಾರೆ, ಓದೋಳು ನೀನು ಮೇಲಿಂದ ಕೆಳಗೆ ಓದು. ಮಾಡಿಂದ ಶುರು ಮಾಡಿ ಒಂದೊಂದು ಭಾರವೂ ಯಾರ ತಲೆಯಿಂದ ಯಾರ ತಲೆಗೆ ಇಳೀತಾ ಇದೆ ಅಂತ ಬೆರಳಿಟ್ಟು ಹೋಗು, ಫೌಂಡೇಶನ್ ಮುಟ್ಟೋವರೆಗೂ ಬಿಡಬೇಡ. ಒಂದು ಉದಾಹರಣೆ ಕೊಡ್ತೀನಿ, ನಿನ್ನ ಮುಂದಿರೋ ಯಾವುದಾದ್ರೂ ಸೆಟ್ ತೆಗೆದು ಜೊತೆಗೇ ನೋಡು. ರೂಫ್ ಪ್ಲಾನಲ್ಲಿ ಒಂದು ಗರ್ಡರ್ ಟ್ರಸ್ ಇದೆ ಅಂದ್ಕೋ (ಟ್ರಸ್ ಅಂದ್ರೆ ಮಾಡು ಹೊರೋಕೆ ಪಟ್ಟಿಗಳನ್ನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟು), ಬೇರೆ ಟ್ರಸ್‌ಗಳೆಲ್ಲಾ ಬಂದು ಅದಕ್ಕೆ ನೇತು ಬಿದ್ದಿರತ್ವೆ. ಅದರ ತುದಿ ಗೋಡೆ ಮೇಲೆ ಕೂತಿರೋ ಜಾಗದಲ್ಲಿ ಮೂರು ಸ್ಟಡ್ ಸೇರಿಸಿದ ಪೋಸ್ಟ್ ಅಂತ ಬರೆದಿರತ್ತೆ. ಈಗ ಅದೇ ಜಾಗಕ್ಕೆ ಕೆಳಗಿನ ಶೀಟಲ್ಲಿ ಬಾ. ಅಲ್ಲಿ ಸಣ್ಣ ಚೌಕದಲ್ಲಿ ಗುರುತು ಹಾಕಿ ಮೇಲಿಂದ ಪೋಸ್ಟ್ ಬರ್ತಿದೆ ಅಂತ ಹೇಳಿರಬೇಕು, ಅದರ ಕೆಳಗೆ ಬೀಮೋ ಇನ್ನೊಂದು ಪೋಸ್ಟೋ ಇರಬೇಕು, ನೆಲದ ದಪ್ಪದೊಳಗೆ ಜಾಯ್ಸ್ಟ್‌ಗಳ ನಡುವೆ ಗಟ್ಟಿ ಮರದ ತುಂಡು ಕೊಟ್ಟಿರಬೇಕು. ಆಮೇಲೆ ಫೌಂಡೇಶನ್ ಪ್ಲಾನು, ಅಲ್ಲಿ ಆ ಜಾಗದಲ್ಲಿ ದಪ್ಪ ಫೂಟಿಂಗ್. ನಡುವೆ ಎಲ್ಲಾದ್ರೂ ಒಬ್ಬ ತಪ್ಪಿಸ್ಕೊಂಡಿದ್ರೆ ಅಲ್ಲಿಗೇ ಚೆಕ್ಕರ್ ಕೆಂಪು ಮಾರ್ಕ್ ಬೀಳೋದು. ಅರ್ಧಕ್ಕರ್ಧ ಕೆಂಪು ಮಾರ್ಕ್ ಇದೇ ಜಾತಿದು ಅಂತ ನನ್ನ ಅನುಭವ.

ಇನ್ನು ಅಕ್ಷರಗಳು. ಶೀಟ್ ನಂಬರ್ ಎ ಇಂದ ಶುರುವಾದ್ರೆ ಆರ್ಕಿಟೆಕ್ಟಿಂದು, ಎಸ್ ಅಂದ್ರೆ ಸ್ಟ್ರಕ್ಚರಲ್. ಎಸ್ ಶೀಟುಗಳಲ್ಲಿ ಮೊದಲನೇದು ಬರೀ ಬರವಣಿಗೆ, ಜನರಲ್ ನೋಟ್ಸು, ಅದನ್ನ ಯಾರೂ ಓದಲ್ಲ, ನೀನು ಓದು, ಯಾಕಂದ್ರೆ ಪ್ಲಾನಲ್ಲಿ ಯು.ಎನ್.ಒ. ಅಂತ ಬಂದಾಗ್ಲೆಲ್ಲಾ, ಬೇರೆ ಏನೂ ಹೇಳದಿದ್ರೆ ಅಂತ ಅದರರ್ಥ, ಅದು ನಿನ್ನನ್ನ ಈ ನೋಟ್ಸಿಗೇ ಕಳಿಸೋದು. ಟಿ.ವೈ.ಪಿ. ಅಂತಿದ್ರೆ ಇಂಥ ಜಾಗದಲ್ಲೆಲ್ಲಾ ಇದೇ ಅಂತ. ಓ.ಸಿ. ಅಂದ್ರೆ ನಡುವಿಂದ ನಡುವಿಗೆ. ಗುಂಡಗೆ ವೃತ್ತ ಬರೆದು ಮಧ್ಯೆ ಅಡ್ಡ ಗೆರೆ ಎಳೆದಿದ್ರೆ ಮೇಲಿರೋದು ಡೀಟೇಲ್ ನಂಬರು, ಕೆಳಗಿರೋದು ಅದು ಯಾವ ಶೀಟಲ್ಲಿದೆ ಅನ್ನೋದು. ಮೋಡದ ಥರ ಗೆರೆ ಸುತ್ತಿ ಪಕ್ಕದಲ್ಲಿ ತ್ರಿಕೋನ ಇದ್ರೆ ಅಲ್ಲಿ ರಿವಿಶನ್ ಆಗಿದೆ ಅಂತ. ಉದ್ದಕ್ಕೆ ಒಂದು ಬಾಣ ಎಳೆದು 2×10, 16 ಇಂಚು ಓ.ಸಿ. ಅಂತ ಬರೆದಿದ್ರೆ ಜಾಯ್ಸ್ಟ್ ಆ ಬಾಣದ ದಿಕ್ಕಲ್ಲೇ ಓಡತ್ತೆ. ಆ ಬಾಣ ಯಾವ ಗೋಡೆ ಮೇಲೆ ಶುರುವಾಗಿ ಯಾವುದರ ಮೇಲೆ ನಿಂತಿದೆ ನೋಡ್ಬೇಕು, ಆ ಎರಡು ಗೋಡೆಗಳೇ ಭಾರ ಹೊರೋವು.

2×10 ಅಂದ ತಕ್ಷಣ ಎರಡಿಂಚು ಹತ್ತಿಂಚು ಅಂತ ಗೆರೆ ಎಳೀಬೇಡ. ಅದು ಹೆಸರು ಮಾತ್ರ. 2×4 ನಿಜವಾಗಿ ಒಂದೂವರೆಗೆ ಮೂರೂವರೆ, 2×6 ಒಂದೂವರೆಗೆ ಐದೂವರೆ, ಅಲ್ಲಿಂದ ಮೇಲೆ ಮುಕ್ಕಾಲು ಇಂಚು ಕಮ್ಮಿ, 2×8 ಏಳೂಕಾಲು, 2×10 ಒಂಬತ್ತೂಕಾಲು, 2×12 ಹನ್ನೊಂದೂಕಾಲು. ಹಂಗೇ ಬಾಗಿಲಿಗೆ 3068 ಅಂತ ಬರೆದಿದ್ರೆ ಮೂರಡಿ ಸೊನ್ನೆ ಇಂಚು ಅಗಲ, ಆರಡಿ ಎಂಟಿಂಚು ಎತ್ತರ, ಆದ್ರೆ ಗೋಡೇಲಿ ಬಿಡೋ ರಫ್ ಓಪನಿಂಗ್ ಸಾಮಾನ್ಯವಾಗಿ ಅದಕ್ಕಿಂತ ಎರಡಿಂಚು ಅಗಲ ಜಾಸ್ತಿ. ಅಡಿ-ಇಂಚು ಟೈಪ್ ಮಾಡುವಾಗ ಹನ್ನೆರಡಡಿ ಮೂರಿಂಚನ್ನ 12.3 ಅಂತ ಹಾಕೋ ಹುಡುಗರನ್ನ ನೋಡಿದೀನಿ, ಅದು 12.25 ಕಣಮ್ಮ, ನಮ್ಮ ಊರ ಬಡಗಿ ಹನ್ನೆರಡೂಕಾಲು ಅಂತಾನೆ, ಅವನದ್ದೇ ಸರಿ.

ಕಿಟಕಿ ಒಂದನ್ನ ಬಿಡಿಸಿ ಹೇಳಿಬಿಡ್ತೀನಿ, ಯಾಕಂದ್ರೆ ಇಡೀ ಫ್ರೇಮಿಂಗ್ ಅದರಲ್ಲೇ ಇದೆ. ಕಿಟಕಿಗೆ ಜಾಗ ಬಿಡೋಕೆ ಮೂರ್ನಾಲ್ಕು ಸ್ಟಡ್ ಕಿತ್ತು ಹಾಕಬೇಕು, ಆ ಸ್ಟಡ್‌ಗಳ ತಲೆ ಮೇಲಿದ್ದ ಭಾರ ಅನಾಥ ಆಯ್ತಲ್ಲ, ಅದನ್ನ ಎತ್ಕೊಳ್ಳೋಕೆ ಕಿಟಕಿ ಮೇಲೆ ಅಡ್ಡಲಾಗಿ ಹೆಡರ್ ಹಾಕ್ತಾರೆ, ನಮ್ಮ ಲಿಂಟಲ್ಲೇ ಅದು. ಆ ಹೆಡರಿನ ಎರಡು ತುದಿ ಕೆಳಗೆ ಒಂದೊಂದು ಗಿಡ್ಡ ಸ್ಟಡ್ಡು, ಅದು ಜ್ಯಾಕ್. ಜ್ಯಾಕಿನ ಬೆನ್ನಿಗೆ ಒತ್ತಿ ಪೂರ್ತಿ ಎತ್ತರದ ಸ್ಟಡ್ಡು, ಅದು ಕಿಂಗ್. ಕಿಟಕಿ ಕೆಳಗೆ ಮತ್ತೆ ಹೆಡರ್ ಮೇಲೆ ಉಳಿದ ತುಂಡುಗಳು ಕ್ರಿಪಲ್. ಹೆಡರ್ ಅಗಲ ಆದಂಗೆಲ್ಲಾ ಜ್ಯಾಕ್ ಒಂದರ ಬದಲು ಎರಡಾಗತ್ತೆ. ಡ್ರಾಯಿಂಗಲ್ಲಿ ಇಷ್ಟನ್ನೂ ಒಂದೇ ಸಾಲಲ್ಲಿ ಬರೆದು ಮುಗಿಸಿರ್ತಾರೆ, ಬ್ರಾಕೆಟ್ಟಲ್ಲಿ 2, ಪಕ್ಕದಲ್ಲಿ 2×10, ಅಂದ್ರೆ ಹೆಡರಿಗೆ ಎರಡು 2×10, ಆಮೇಲೆ ಎಷ್ಟು ಜ್ಯಾಕ್ ಎಷ್ಟು ಕಿಂಗ್. ನೀನು ಬರೆದ ಆ ಒಂದು ಸಾಲು ನೋಡಿ ಅಲ್ಲಿ ಒಬ್ಬ ಫ್ರೇಮರ್ ಮರ ಕುಯ್ತಾನೆ.

ಅವನು ಹೆಂಗೆ ಕೆಲಸ ಮಾಡ್ತಾನೆ ಅಂತ ನೀನು ನೋಡಿಲ್ಲ ಅಂದ್ಯಲ್ಲ. ಮೊದಲು ಗೋಡೆಯ ಮೇಲಿನ ಪಟ್ಟಿ ಕೆಳಗಿನ ಪಟ್ಟಿ, ಎರಡನ್ನೂ ನೆಲದ ಮೇಲೆ ಜೋಡಿಸಿ ಇಟ್ಕೊಂಡು ಟೇಪಿನ ಕೊಕ್ಕೆ ತುದೀಗೆ ಸಿಗ್ಸಿ ಹದಿನೈದೂಕಾಲು ಇಂಚಿಗೆ ಮೊದಲ ಗೆರೆ ಎಳೀತಾನೆ, ಮೂವತ್ತೊಂದೂಕಾಲಿಗೆ ಎರಡನೇದು, ನಲವತ್ತೇಳೂಕಾಲಿಗೆ ಮೂರನೇದು, ಗೆರೆಯ ಆಚೆ ಬದಿ ಪೆನ್ಸಿಲಲ್ಲಿ ಒಂದು ಅಡ್ಡಗೀಟಿನ ಗುರುತು, ಸ್ಟಡ್ ನಿಲ್ಲೋದು ಆ ಗುರುತಿನ ಮೇಲೆ. ಹದಿನಾರು ಇಂಚಿಗೆ ಅಂತ ಡ್ರಾಯಿಂಗಲ್ಲಿದ್ರೆ ಇವನ್ಯಾಕೆ ಹದಿನೈದೂಕಾಲಿಗೆ ಎಳೆದ? ಸ್ಟಡ್ಡಿನ ದಪ್ಪ ಒಂದೂವರೆ, ಅರ್ಧ ಮುಕ್ಕಾಲು, ಅಷ್ಟು ಹಿಂದೆ ಬಂದ್ರೆ ಅದರ ನಡು ಸರಿಯಾಗಿ ಹದಿನಾರಕ್ಕೆ ಬರತ್ತೆ. ಗೋಡೆ ತುದೀಲಿ ನಿಲ್ಲೋದನ್ನೂ ಸೇರಿಸಿ ಎಣಿಸಿದ್ರೆ ನಾಲ್ಕನೇ ಸ್ಟಡ್ಡಿನ ನಡು ನಲವತ್ತೆಂಟಕ್ಕೆ, ಅಂದ್ರೆ ನಾಲ್ಕಡಿಗೆ. ನಾಲ್ಕಡಿ ಹಲಗೆಯ ಅಂಚು ಆ ಸ್ಟಡ್ಡಿನ ಮಧ್ಯಕ್ಕೇ ಬಂದು ಕೂರತ್ತೆ, ಮುಂದಿನ ಹಲಗೆಗೂ ಮೊಳೆ ಹೊಡೆಯೋಕೆ ಮುಕ್ಕಾಲು ಇಂಚು ಉಳಿಯತ್ತೆ. ಮೊದಲ ಸಲ ಒಬ್ಬ ಮೆಕ್ಸಿಕನ್ ಮೇಸ್ತ್ರಿ ನನಗೆ ಇದನ್ನ ಮಾತಿಲ್ಲದೆ ಬರೀ ಟೇಪಲ್ಲಿ ತೋರಿಸಿದಾಗ ನಾಲ್ಕು ವರ್ಷ ಕಾಲೇಜಲ್ಲಿ ಏನು ಕಲಿತೆ ಅಂತ ಅನ್ನಿಸಿತ್ತು. ಆಮೇಲೆ ಜಾಯ್ಸ್ಟ್ ಹಾಕೋವಾಗ ಪ್ರತಿಯೊಂದನ್ನೂ ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡ್ತಾನೆ, ಯಾವ ಮರವೂ ನೆಟ್ಟಗಿರಲ್ಲ, ಉಬ್ಬಿರೋ ಬದಿಗೆ ಬಾಣ ಬರೆದು ಆ ಬದಿ ಮೇಲೆ ಮಾಡಿ ಹಾಕ್ತಾನೆ, ಭಾರ ಬಿದ್ರೆ ಸಮ ಆಗತ್ತೆ.

ಕೊನೇದಾಗಿ, ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳತೆ ತೆಗೀಬೇಡ, ಯಾವತ್ತೂ. ನಾನು ತೆಗೆದಿದೀನಿ. ಒಂದು ಗ್ಯಾರೇಜ್ ಬೀಮಿನ ಉದ್ದ ಬರೆದಿರಲಿಲ್ಲ, ಕಾಲಿಂಚಿಗೆ ಒಂದಡಿ ಸ್ಕೇಲು ಅಂತ ಶೀಟ್ ಮೇಲಿತ್ತು, ಇಟ್ಟೆ, ಅಳೆದೆ, ಸಪ್ಲೈಯರ್‌ಗೆ ಫೋನ್ ಮಾಡಿಬಿಟ್ಟೆ. ಆ ಪ್ರಿಂಟು 24×36ರ ಶೀಟನ್ನ 11×17ಕ್ಕೆ ಕುಗ್ಗಿಸಿದ್ದು. ನಾನು ಅರ್ಧ ಅಂತ ತಿಳ್ಕೊಂಡು ಎರಡರಿಂದ ಗುಣಿಸಿದ್ದೆ, ಅದು ಅರ್ಧನೂ ಅಲ್ಲ, ಅರ್ಧಕ್ಕಿಂತ ಒಂದಿಷ್ಟು ಕಮ್ಮಿ. ಬೀಮು ಬಂತು, ಎತ್ತಿ ಇಟ್ರೆ ಒಂದು ತುದಿ ಗಾಳೀಲಿ. ಆ ಬೀಮು ಆರು ತಿಂಗಳು ಆಫೀಸಿನ ಹಿಂದೆ ಮಳೇಲಿ ಬಿದ್ದಿತ್ತು, ಬಾಸ್ ದಿನಾ ಕಾರ್ ಪಾರ್ಕ್ ಮಾಡುವಾಗ ಅದನ್ನ ನೋಡಿ ನನ್ನ ನೋಡೋನು. ಅಳತೆ ಬರೆದಿಲ್ಲ ಅಂದ್ರೆ ಕೇಳು, ಲಿಖಿತವಾಗಿ ಕೇಳು, ಆರ್.ಎಫ್.ಐ., ರಿಕ್ವೆಸ್ಟ್ ಫಾರ್ ಇನ್ಫರ್ಮೇಶನ್, ಅಂತ ಅದಕ್ಕೊಂದು ದಾರಿನೇ ಇದೆ. ಕೇಳಿದ್ರೆ ದಡ್ಡಿ ಅಂದ್ಕೊಳ್ತಾರೆ ಅನ್ನೋ ಭಯ ನಮ್ಮ ಕಡೆಯವರಿಗೆ ಜಾಸ್ತಿ, ಅಲ್ಲಿ ಕೇಳದೇ ಇರೋರನ್ನ ಕಂಡ್ರೆ ಹೆದರ್ತಾರೆ.

ಪ್ರಶ್ನೆ: ನಮಸ್ತೆ ಸರ್, ಆಸ್ಟಿನ್ ಹತ್ರ ಹೊಸ ಮನೆ ಕಟ್ಟಿಸ್ತಾ ಇದೀವಿ, ಎರಡು ಮಹಡಿ, ಹೊರಗಡೆ ಇಟ್ಟಿಗೆ. ಫ್ರೇಮ್ ನಿಂತಿದೆ, ಪ್ಲಂಬಿಂಗ್ ಎಲೆಕ್ಟ್ರಿಕ್ ನಡೀತಿದೆ, ಮುಂದಿನ ವಾರ ಜಿಪ್ಸಮ್ ಶೀಟ್ ಹೊಡೆಯೋಕೆ ಮುಂಚೆ ಒಂದ್ಸಲ ಬಂದು ನೋಡಿ, ಪ್ರೀ-ಡ್ರೈವಾಲ್ ವಾಕ್‌ಥ್ರೂ ಅಂತ ಕರೆದಿದಾರೆ. ನಾವಿಬ್ರೂ ಸಾಫ್ಟ್‌ವೇರ್, ಏನು ನೋಡ್ಬೇಕು ಅಂತ ಗೊತ್ತಿಲ್ಲ. ಪ್ಲಂಬರ್ ಒಂದು ಕಡೆ ಸ್ಟಡ್ಡನ್ನ ಅರ್ಧದಷ್ಟು ಕೊರೆದಿದಾನೆ, ಅದು ಸರಿನಾ? ಇನ್ನೊಂದು, ಎರಡು ವರ್ಷ ಆದ್ಮೇಲೆ ಅಡುಗೆಮನೆ ಡೈನಿಂಗ್ ಮಧ್ಯದ ಗೋಡೆ ತೆಗೆಸಬಹುದಾ?
— ದಂಪತಿ, ಟೆಕ್ಸಸ್

ಉತ್ತರ: ಮೊದಲು ಇಟ್ಟಿಗೆ ವಿಷಯದ ಭ್ರಮೆ ಕಳೀತೀನಿ. ಅದು ಮನೆ ಹೊರೋ ಇಟ್ಟಿಗೆ ಅಲ್ಲ, ಮರದ ಗೋಡೆಗೆ ಹಾಕಿದ ಕೋಟು. ನಡುವೆ ಸುಮಾರು ಒಂದಿಂಚು ಗಾಳಿ ಜಾಗ, ಲೋಹದ ಪಟ್ಟಿಗಳಲ್ಲಿ ಮರಕ್ಕೆ ಕಟ್ಟಿರ್ತಾರೆ. ಇಟ್ಟಿಗೆ ಬಂದ್ಮೇಲೆ ಹಿಂದಿನ ಹಲಗೆ, ಮೊಳೆ ಕಾಣಲ್ಲ, ಆದ್ದರಿಂದ ಅದು ಏರೋಕೆ ಮುಂಚೆನೇ ಹೊರಗಡೆ ಒಂದು ಸುತ್ತು ಬನ್ನಿ. ಹಲಗೆಗೆ ಅಂಚಲ್ಲಿ ಆರಿಂಚಿಗೆ, ನಡುವೆ ಹನ್ನೆರಡಿಂಚಿಗೆ ಮೊಳೆ ಅನ್ನೋದು ಸಾಮಾನ್ಯ, ನಿಮ್ಮ ಎಸ್ ಶೀಟಲ್ಲಿ ಇನ್ನೂ ಒತ್ತಾಗಿ ಹೇಳಿದ್ರೆ ಅದೇ ಲೆಕ್ಕ. ಮೊಳೆಯ ತಲೆ ಹಲಗೆಯ ಮೇಲ್ಮೈಗೆ ಸಮ ಇರಬೇಕು. ಗನ್ನಿನ ಗಾಳಿ ಒತ್ತಡ ಜಾಸ್ತಿ ಇಟ್ಟು ಹೊಡೆದಿದ್ರೆ ತಲೆ ಒಳಗೆ ಹೂತು ಹೋಗಿರತ್ತೆ, ಆಗ ಹಲಗೆಯ ಹಿಡಿತ ಕಮ್ಮಿ.

ಸ್ಟಡ್ ಕೊರೆದಿದ್ದಕ್ಕೆ ಲೆಕ್ಕ ಇದೆ. ಅಮೆರಿಕದ ವಸತಿ ಕೋಡ್ ಪ್ರಕಾರ ಹೊರಗೋಡೆ ಅಥವಾ ಭಾರ ಹೊರೋ ಗೋಡೆಯ ಸ್ಟಡ್ಡಲ್ಲಿ ಅಂಚಿಂದ ಕಚ್ಚು ಹೊಡೆದ್ರೆ ಅಗಲದ 25 ಪರ್ಸೆಂಟ್ ದಾಟಬಾರದು, ನಡುವೆ ತೂತು ಕೊರೆದ್ರೆ 40 ದಾಟಬಾರದು. ಭಾರ ಹೊರದ ಗೋಡೇಲಿ 40, 60. ತೂತಿಂದ ಅಂಚಿಗೆ ಕನಿಷ್ಠ ಐದು ನೂಲು ಮರ ಉಳೀಬೇಕು, ಅಂದ್ರೆ 5/8 ಇಂಚು. 2×4ರ ಮೂರೂವರೆ ಇಂಚಲ್ಲಿ 40 ಪರ್ಸೆಂಟ್ ಅಂದ್ರೆ 1.4 ಇಂಚು, ಅಷ್ಟರಲ್ಲಿ ಎರಡಿಂಚಿನ ಡ್ರೈನ್ ಪೈಪ್ ಹೋಗೋದೇ ಇಲ್ಲ. ಅರ್ಧ ಕೊರೆದಿರೋದು ಭಾರದ ಗೋಡೇಲಾದ್ರೆ ಪಕ್ಕಕ್ಕೆ ಇನ್ನೊಂದು ಸ್ಟಡ್ ಜೋಡಿಸೋದೋ, ಲೋಹದ ಬಲ ಕೊಡೋದೋ, ಯಾವುದು ಅಂತ ಪ್ಲಂಬರ್ ಹೇಳೋದಲ್ಲ, ಎಂಜಿನಿಯರ್ ಹೇಳ್ಬೇಕು. ಫೋಟೋ ತೆಗೆದು ಬಿಲ್ಡರ್‌ಗೆ ಮೇಲ್ ಮಾಡಿ, ಬಾಯಲ್ಲಿ ಹೇಳಿ ಬಿಡಬೇಡಿ. ಟ್ರಸ್ ಒಂದನ್ನ ಯಾರಾದ್ರೂ, ಏಸಿಯವನೇ ಇರಲಿ, ಒಂಚೂರು ಕತ್ತರಿಸಿದ್ರೂ ಅಲ್ಲಿಗೇ ಕೆಲಸ ನಿಲ್ಸಿ, ಟ್ರಸ್ಸಲ್ಲಿ ಪರ್ಸೆಂಟ್ ಲೆಕ್ಕವೇ ಇಲ್ಲ, ಎಂಜಿನಿಯರ್ ಕಾಗದ ಇಲ್ದೆ ಮುಟ್ಟೋ ಹಂಗೇ ಇಲ್ಲ. ಐ-ಜಾಯ್ಸ್ಟ್, ಅಂದ್ರೆ ಇಂಗ್ಲಿಷಿನ I ಆಕಾರದ ಜಾಯ್ಸ್ಟ್, ಹಾಕಿದ್ರೆ ಅದರ ಮೇಲಿನ ಕೆಳಗಿನ ದಪ್ಪ ಪಟ್ಟಿಗೂ ಇದೇ ಮಾತು.

ವಾಕ್‌ಥ್ರೂಗೆ ಹೋಗುವಾಗ ಎಸ್ ಶೀಟುಗಳ ಪ್ರಿಂಟ್ ಕೈಯಲ್ಲಿರಲಿ. ಮೇಲೆ ಆ ಹುಡುಗಿಗೆ ಬರೆದ ಗರ್ಡರ್ ಟ್ರಸ್ ಕಥೆ ಓದಿ, ನಿಮ್ಮ ಮನೇಲೂ ಅದನ್ನೇ ಮಾಡಿ, ರೂಫ್ ಪ್ಲಾನಲ್ಲಿ ಪೋಸ್ಟ್ ಎಲ್ಲೆಲ್ಲಿದೆ ಅಂತ ಗುರುತು ಹಾಕ್ಕೊಂಡು ಮೇಲಿನ ಮಹಡೀಲಿ ಎಣಿಸಿ, ಕೆಳಗಿನ ಮಹಡೀಲಿ ಎಣಿಸಿ. ಡ್ರಾಯಿಂಗಲ್ಲಿ ಮೂರು ಸ್ಟಡ್ ಅಂತಿದ್ದು ಗೋಡೇಲಿ ಎರಡಿದ್ರೆ ಗೊತ್ತಾಗೋಕೆ ಎಂಜಿನಿಯರ್ ಆಗ್ಬೇಕಿಲ್ಲ, ಸಾಫ್ಟ್‌ವೇರ್ ಆದ್ರೂ ಸಾಕು. ಜಾಯ್ಸ್ಟ್ ಹ್ಯಾಂಗರ್ ಅನ್ನೋ ಲೋಹದ ತೊಟ್ಟಿಲುಗಳಲ್ಲಿ ತೂತುಗಳೆಲ್ಲಾ ತುಂಬಿವೆಯಾ ನೋಡಿ, ಅದಕ್ಕೆ ಅಂತಲೇ ಇರೋ ಮೊಳೆನಾ, ಇಲ್ಲ ಕೈಗೆ ಸಿಕ್ಕಿದ ಸ್ಕ್ರೂನಾ ನೋಡಿ. ಆಮೇಲೆ ಪ್ರತಿ ಗೋಡೆಯನ್ನೂ ಟೇಪ್ ಹಿಡಿದು ಫೋಟೋ ತೆಗೀರಿ, ಪೈಪ್ ಎಲ್ಲಿದೆ ವೈರ್ ಎಲ್ಲಿದೆ ಅಂತ ಮುಂದೆ ಇಪ್ಪತ್ತು ವರ್ಷ ಕೆಲಸಕ್ಕೆ ಬರತ್ತೆ. ಅಂದಹಾಗೆ ನಿಮ್ಮ ಕಡೆ ನೆಲದ ಕಾಂಕ್ರೀಟ್ ಬಹಳ ಸಲ ಪೋಸ್ಟ್-ಟೆನ್ಶನ್ ಇರತ್ತೆ, ಒಳಗೆ ಸ್ಟೀಲ್ ಕೇಬಲ್ ಬಿಗಿದು ಇಟ್ಟಿರ್ತಾರೆ. ಗ್ಯಾರೇಜ್ ನೆಲದ ಮೇಲೆ ಎಚ್ಚರಿಕೆ ಮುದ್ರೆ ಇದೆಯಾ ನೋಡಿ. ಇದ್ರೆ ಮುಂದೆ ಯಾವತ್ತೂ ಕೇಬಲ್ ಎಲ್ಲಿದೆ ಅಂತ ಪತ್ತೆ ಮಾಡ್ದೆ ನೆಲ ಕೊರೆಸಬೇಡಿ, ತುಂಡಾದ್ರೆ ಅದು ಬಾಣದ ಥರ ಹಾರಿ ಬರಬಹುದು.

ಗೋಡೆ ತೆಗೆಸೋದು: ಸೆಕೆಂಡ್ ಫ್ಲೋರ್ ಫ್ರೇಮಿಂಗ್ ಪ್ಲಾನ್ ತೆಗೆದು ಆ ಗೋಡೆ ಮೇಲೆ ಬೆರಳಿಡಿ. ಜಾಯ್ಸ್ಟಿನ ಬಾಣ ಗೋಡೆಗೆ ಅಡ್ಡಲಾಗಿ ಬಂದು ಅಲ್ಲೇ ನಿಂತಿದ್ರೆ, ಇಲ್ಲ ಎರಡು ಕಡೆಯಿಂದ ಬಂದು ಅಲ್ಲಿ ಸೇರಿದ್ರೆ, ಅದು ಹೊರೋ ಗೋಡೆ. ಬಾಣ ಗೋಡೆಯ ಉದ್ದಕ್ಕೇ ಸಮಾನಾಂತರ ಓಡಿದ್ರೆ ಬಹುಶಃ ಬರೀ ಪರದೆ, ಆದ್ರೂ ಮೇಲಿಂದ ಪೋಸ್ಟ್ ಇಳಿದಿದೆಯಾ, ಗಾಳಿಗೆ ಮನೆ ಓರೆಯಾಗದಂತೆ ತಡೆಯೋ ಶಿಯರ್ ವಾಲ್ ಮಾಡಿದಾರಾ ನೋಡ್ಬೇಕು. ತಟ್ಟಿ ಸದ್ದು ಕೇಳಿ ಹೇಳ್ತೀನಿ ಅನ್ನೋನು ಬಂದ್ರೆ ಕಾಫಿ ಕೊಟ್ಟು ಕಳಿಸಿ. ನನ್ನ ಕೇಳಿದ್ರೆ ಎರಡು ವರ್ಷ ಯಾಕೆ ಕಾಯ್ತೀರಿ, ಈಗಲೇ ಅಲ್ಲಿ ಬೀಮ್ ಹಾಕಿಸೋಕೆ ಎಷ್ಟು ಅಂತ ಬಿಲ್ಡರನ್ನ ಕೇಳಿ, ಎಂಜಿನಿಯರ್ ರಿವಿಶನ್ ಸೇರಿ ಖರ್ಚು ಬಂದ್ರೂ ಆಮೇಲೆ ಒಡೆಸೋದಕ್ಕಿಂತ ಕಮ್ಮಿನೇ.

ಪ್ರಶ್ನೆ: 65 ಇಂಚಿನ ಟಿವಿ ಗೋಡೆಗೆ ಹಾಕ್ಬೇಕು, ಬರೀ ಜಿಪ್ಸಮ್ ಶೀಟಿಗೆ ಕಚ್ಕೊಳ್ಳೋ ಡ್ರೈವಾಲ್ ಆಂಕರ್ ಸಾಕಾ?
— ಬಾಡಿಗೆದಾರ, ಕ್ಯಾಲಿಫೋರ್ನಿಯಾ

ಉತ್ತರ: ಸಾಕಾಗಲ್ಲ. ಮೊದಲು ಓನರ್ ಪರ್ಮಿಶನ್ನು, ಆಮೇಲೆ ಸ್ಟಡ್ಡು. ಸ್ವಿಚ್ ಬಾಕ್ಸು ಸಾಮಾನ್ಯವಾಗಿ ಒಂದು ಸ್ಟಡ್ಡಿನ ಪಕ್ಕಕ್ಕೇ ಹೊಡೆದಿರ್ತಾರೆ, ಅಲ್ಲಿಂದ ಹದಿನಾರು ಹದಿನಾರು ಇಂಚು ಅಳೀತಾ ಹೋಗಿ, ಒಂದು ಗಟ್ಟಿ ಅಯಸ್ಕಾಂತ ಗೋಡೆ ಮೇಲೆ ಆಡಿಸಿದ್ರೆ ಜಿಪ್ಸಮ್ ಶೀಟಿನ ಸ್ಕ್ರೂಗೆ ಅಂಟ್ಕೊಳ್ಳತ್ತೆ, ಸ್ಕ್ರೂ ಇದ್ದ ಕಡೆ ಸ್ಟಡ್ ಇರತ್ತೆ. ಎರಡು ಸ್ಟಡ್ ಹಿಡಿದು, ಒಂದೊಂದರ ದಪ್ಪದ ನಡುಮಧ್ಯಕ್ಕೂ ಲ್ಯಾಗ್ ಬೋಲ್ಟ್, ಅಂದ್ರೆ ಮರಕ್ಕೆ ಹಾಕೋ ದಪ್ಪ ಸ್ಕ್ರೂ. ಅಪಾರ್ಟ್‌ಮೆಂಟಾದ್ರೆ ಸ್ಟಡ್ಡು ತಗಡಿನದ್ದೂ ಇರಬಹುದು, ಅದಕ್ಕೆ ಲ್ಯಾಗ್ ಬೋಲ್ಟ್ ನಿಲ್ಲಲ್ಲ, ತಗಡಿಗೆ ಅಂತಲೇ ಇರೋ ಟಾಗಲ್ ಬೋಲ್ಟ್ ಬೇಕು.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕು, ಅಜ್ಜನ ಕಾಲದ ತೊಟ್ಟಿ ಮನೆ, ಮಣ್ಣಿನ ಗೋಡೆ, ಹಂಚು. ಒಂದು ತೊಲೆಗೆ ಗೆದ್ದಲು ಬಂದಿದೆ, ಬಡಗಿ ಇಡೀ ಪಡಸಾಲೆ ಮಾಡು ಬಿಚ್ಚಬೇಕು ಅಂತಾರೆ. ಬಿಚ್ಚಿದ ಮೇಲೆ ಅದೇ ಥರ ಕೂರಿಸೋಕೆ ಡ್ರಾಯಿಂಗ್ ಏನಾದ್ರೂ ಮಾಡಿಸ್ಬೇಕಾ? ಮಾಡೋರು ಯಾರೂ ಸಿಕ್ತಿಲ್ಲ.
— ಒಬ್ಬ ಅಡಿಕೆ ಬೆಳೆಗಾರರು

ಉತ್ತರ: ನೀವೇ ಮಾಡಿ, ಕಂಪ್ಯೂಟರ್ ಬೇಡ, ಮಕ್ಕಳ ಚೌಕುಳಿ ಪುಸ್ತಕ ಸಾಕು. ಅಮೆರಿಕದವರ ಫ್ರೇಮಿಂಗ್ ಪ್ಲಾನಿನ ಬುದ್ಧಿಯನ್ನೇ ಇಲ್ಲಿ ಇಳಿಸ್ಕೊಳ್ಳಿ. ಒಂದು ಹಾಳೇಲಿ ಕಂಬ ಮತ್ತು ಗೋಡೆ, ಅದರ ಮೇಲೆ ತೊಲೆ. ಎರಡನೇ ಹಾಳೇಲಿ ಜಂತೆ, ಯಾವ ದಿಕ್ಕಿಗೆ ಓಡತ್ತೆ ಅಂತ ಬಾಣ. ಮೂರನೇದರಲ್ಲಿ ಪಕಾಸು, ರೀಪು. ಪ್ರತಿ ಮರಕ್ಕೂ ಒಂದು ನಂಬರ್ ಕೊಟ್ಟು ಅದೇ ನಂಬರನ್ನ ಮರದ ಮೇಲೂ ಪೇಂಟಲ್ಲಿ ಬರೀರಿ, ಯಾವ ಮುಖ ತೊಟ್ಟಿ ಕಡೆಗಿತ್ತು ಅಂತ ಒಂದು ಚುಕ್ಕಿ ಇಡಿ. ಹಳೇ ಬಡಗಿಗಳು ಕೂಡಿಕೆಯ ಹತ್ರ ಉಳಿಯಲ್ಲಿ ಕಚ್ಚು ಗುರುತು ಹಾಕಿರ್ತಾರೆ, ಮಸಿ ಒರೆಸಿ ನೋಡಿ, ನಿಮ್ಮ ಅರ್ಧ ಕೆಲಸ ಅವರೇ ಮಾಡಿಟ್ಟಿರಬಹುದು.

ಆದ್ರೆ ಬಿಚ್ಚೋಕೆ ಮುಂಚೆ ನಿಜವಾಗಿ ಎಷ್ಟು ಹಾಳಾಗಿದೆ ನೋಡಿ. ತೊಲೆಯ ನಡುಭಾಗ ನೋಡಿ ಎಲ್ಲರೂ ತೀರ್ಮಾನ ಮಾಡಿಬಿಡ್ತಾರೆ. ಮಣ್ಣಿನ ಗೋಡೆ ಒಳಗೆ ಹೋಗಿರೋ ತುದಿ ಮೊದಲು ಕೊಳೆಯೋದು, ತೇವ ಅಲ್ಲಿಂದ, ಗೆದ್ದಲು ಬರೋದೂ ಅಲ್ಲಿಂದ. ಒಂದು ಸ್ಕ್ರೂಡ್ರೈವರ್ ತಗೊಂಡು ಗೋಡೆ ಅಂಚಲ್ಲಿ ತೊಲೆಗೆ ಚುಚ್ಚಿ. ಕಾಲಿಂಚು ಹೋಗಿ ನಿಂತ್ರೆ ಒಂದು ಲೆಕ್ಕ, ಹಿಡಿವರೆಗೆ ಸಲೀಸಾಗಿ ಹೋದ್ರೆ ಇನ್ನೊಂದು. ಹೋದ್ರೆ ಆವತ್ತೇ ಸಂಜೆಯೊಳಗೆ ಗೋಡೆಯಿಂದ ಒಂದಡಿ ಈಚೆಗೆ ತೊಲೆ ಕೆಳಗೆ ಭಾರ ಎತ್ತೋ ಎರಡು ಕಬ್ಬಿಣದ ಜ್ಯಾಕ್ ಇಲ್ಲ ದಪ್ಪ ಕಂಬ ನಿಲ್ಸಿ, ಬುಡಕ್ಕೆ ಅಗಲ ಹಲಗೆ ಹಾಕಿ, ಇಲ್ಲದಿದ್ರೆ ನೆಲಕ್ಕೆ ಇಳಿಯತ್ತೆ. ತುದಿ ಮಾತ್ರ ಹೋಗಿದ್ದು ಉಳಿದ ಮರ ಗಟ್ಟಿ ಇದ್ರೆ ಇಡೀ ಮಾಡು ಬಿಚ್ಚಲೇಬೇಕು ಅಂತಿಲ್ಲ, ಗೋಡೆಗೆ ಒತ್ತಿ ಒಂದು ಹೊಸ ಕಂಬ ಕೊಟ್ಟು ತೊಲೆಯನ್ನ ಅದರ ಮೇಲೆ ಕೂರಿಸಿ ತುದಿ ಕತ್ತರಿಸೋದೂ ಒಂದು ದಾರಿ. ಈ ಮಾತನ್ನ ಬಡಗಿ ಹತ್ರ ನೀವೇ ಹೇಳಿ ನೋಡಿ. ಮಳೆ ಹಿಡಿಯೋಕೆ ಮುಂಚೆ ಮುಗಿಸ್ಕೊಳ್ಳಿ, ಹಂಚು ಇಳಿಸಿಟ್ಟ ಮನೆ ಮೇಲೆ ಮೊದಲ ಮಳೆ ಬಿದ್ರೆ ಮಣ್ಣಿನ ಗೋಡೆ ಉಳಿಯಲ್ಲ.